ದೊಡ್ಡಮನೆ ಹುಡುಕಿಕೊಂಡು ನಾಗಮಂಗಲಕ್ಕೆ

ನಾಗಮಂಗಲದ ಹತ್ತಿರದ ಒಂದು ಹಳ್ಳಿ ನಮ್ಮ ಮೂಲ ಊರು. ಊರು ಕಟ್ಟಿದ್ದೇ ನಮ್ಮ ದೊಡ್ಡಮನೆಯವರು ಅಂತ ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಎಲ್ಲಾ ಹಳೇ ಮನೆತನದವರೂ ಹಾಗೇ ಹೇಳ್ತಾರೆ ಅಲ್ವಾ? ನೋಡೇಬಿಡೋಣ ಅಂತ ಚಿಕ್ಕಪ್ಪನ ಜೊತೆ ಹೊರಟೆ. ನೀವೂ ಇಂಥ ಹುಡುಕಾಟಕ್ಕೆ ಹೋಗುವವರಾದರೆ ತಾಲ್ಲೂಕು ಕಚೇರಿ ಆಮೇಲಿರಲಿ, ಮೊದಲು ಊರೊಳಗೆ ಕೂತು ಮಾತಾಡಿ.

ಯಾಕೆಂದರೆ ನಮ್ಮ ಕಡೆ ತಾತನ ಹೆಸರನ್ನೇ ಮೊಮ್ಮಗನಿಗೆ ಇಡುತ್ತಾರೆ. ಕಾಗದದಲ್ಲಿ 'ಚಿಕ್ಕೇಗೌಡ ಬಿನ್ ದೊಡ್ಡೇಗೌಡ' ಅಂತಿರುತ್ತದೆ, ಅಂದರೆ ದೊಡ್ಡೇಗೌಡನ ಮಗ ಚಿಕ್ಕೇಗೌಡ. ಎರಡು ತಲೆಮಾರು ಕಳೆದರೆ ಮತ್ತೆ ಅದೇ ಜೋಡಿ. ಯಾವ ಚಿಕ್ಕೇಗೌಡ ಅಂತ ಬಿಡಿಸಿ ಹೇಳೋದು ಊರಿನ ಮುದುಕಿಯರು ಮಾತ್ರ.

ಮೈಸೂರಿನಿಂದ ಶ್ರೀರಂಗಪಟ್ಟಣ, ಪಾಂಡವಪುರದ ಮೇಲೆ ಹೋಗಬಹುದು, ಮಂಡ್ಯದಿಂದಲೂ ಬಸ್ಸಿದೆ. ಪೇಟೆಯಿಂದ ಹಳ್ಳಿಗೆ ಬೈಕ್ ಇದ್ದರೆ ಒಳ್ಳೇದು. ಬೆಳಿಗ್ಗೆ ಬೇಗ ತಲುಪಿದರೆ ಹೊಯ್ಸಳರ ಕಾಲದ ಸೌಮ್ಯಕೇಶವ ದೇವಸ್ಥಾನ ನೋಡಿಕೊಂಡು ಹೋಗಿ. ಪಿತೃಪಕ್ಷದ ಸಮಯ ಬಹಳ ಅನುಕೂಲ. ಬೆಂಗಳೂರು ಸೇರಿದವರೂ ಎಡೆ ಇಡೋಕೆ ಊರಿಗೆ ಬಂದಿರುತ್ತಾರೆ, ಸತ್ತವರ ಹೆಸರುಗಳು ಎಲ್ಲರ ಬಾಯಲ್ಲೂ ಇರುತ್ತವೆ.

ಊರಿಗೆ ಹೋದ ತಕ್ಷಣ ಕರುಗಲ್ಲು ಎಲ್ಲಿದೆ ಅಂತ ಕೇಳಿ. ಊರು ಕಟ್ಟುವಾಗ ನೆಟ್ಟ ಕಲ್ಲು ಅದು. ಅದಕ್ಕೆ ಮೊದಲ ಪೂಜೆ ಯಾರ ಮನೆಯದ್ದು, ನಿಮ್ಮ ಮನೆದೇವರು ಯಾವುದು, ಇವೆರಡು ಗೊತ್ತಾದರೆ ಅರ್ಧ ವಂಶ ಸಿಕ್ಕಿದ ಹಾಗೆ.

ಜಗಲಿ ಮೇಲೆ ಕೂತಿದ್ದ ಅವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದ್ದೇ ಇದು: "ಯಾರ್ ಮನೆ ಮಗ ಕಣಪ್ಪ? ಪಾಲು ಗೀಲು ಕೇಳಕ್ ಬಂದ್ಯಾ?" ನಗಬೇಡಿ, ಊರವರ ನಿಜವಾದ ಭಯ ಅದು. ಜಮೀನಿನ ವಿಷಯಕ್ಕೆ ಬಂದಿಲ್ಲ ಅಂತ ಮೊದಲೇ ಬಾಯಿಬಿಟ್ಟು ಹೇಳಿ. ಪರಿಚಯದ ಹಿರಿಯರೊಬ್ಬರು ಜೊತೆಗಿರಲಿ. ಚಿಕ್ಕಪ್ಪ ತಮ್ಮ ಅಜ್ಜಿಯ ತವರಿನ ಹೆಸರು ಹೇಳಿದ ಮೇಲೇ ಕಾಫಿ ಬಂತು.

ದೊಡ್ಡಮನೆ ಇನ್ನೂ ಇದೆ, ಆದರೆ ಇಡಿಯಾಗಿಲ್ಲ. ಅಣ್ಣತಮ್ಮಂದಿರು ಭಾಗ ಮಾಡಿಕೊಂಡಾಗ ತೊಟ್ಟಿಯ, ಅಂದರೆ ಮನೆಯೊಳಗಿನ ಅಂಗಳದ, ನಡುವೆಯೇ ಗೋಡೆ ಎದ್ದಿದೆ. ಒಂದು ಕಂಬ ಆ ಗೋಡೆಯೊಳಗೆ ಅರ್ಧ ಹೂತುಹೋಗಿದೆ. ಈ ಕಡೆಯಿಂದ ಬೋದಿಗೆಯ (ಕಂಬದ ತಲೆಯ ಕೆತ್ತನೆಯ) ಒಂದು ಹೂವು ಕಾಣುತ್ತದೆ, ಇನ್ನೊಂದು ದಾಯಾದಿಗಳ ಅಡುಗೆಮನೆಯಲ್ಲಿ. ಅವರ ಕಡೆ ಆರ್‌ಸಿಸಿ, ಇವರ ಕಡೆ ಇನ್ನೂ ಹೆಂಚು. ಎರಡೂ ಮನೆಗೆ ಹೋಗಿ, ಒಂದೇ ಕಡೆ ಕೂತರೆ ಅರ್ಧ ಕಥೆ ಮಾತ್ರ ಸಿಗುತ್ತದೆ. ಹಳೇ ಪಾಲುಪಾರೀಕತ್ತು, ಅಂದರೆ ಆಸ್ತಿ ಭಾಗ ಮಾಡಿಕೊಂಡ ಪತ್ರ, ಇದೆಯಾ ಅಂತಲೂ ಕೇಳಿ. ಯಾರ ಮಗ ಯಾರು, ಯಾರಿಗೆ ಯಾವ ಹೊಲ ಅಂತ ಅದರಲ್ಲಿ ಬರೆದಿರುತ್ತದೆ. ಕೊಡು ಅನ್ನಬೇಡಿ. ಅಲ್ಲೇ ಫೋಟೋ ತೆಗೆದುಕೊಳ್ಳಿ.

ಇಷ್ಟಾದ ಮೇಲೆ ಕಚೇರಿ. ಸರ್ವೆ ನಂಬರ್ ಇಲ್ಲದೆ ರೆಕಾರ್ಡ್ ರೂಮಿಗೆ ಹೋದರೆ ಸುಮ್ನೆ ಅಲೆದಾಟ. ಈಗಿನ ಪಹಣಿ ಹಿಡಿದು ಮ್ಯುಟೇಷನ್ (ಖಾತೆ ಬದಲಾದ ದಾಖಲೆ), ಅಲ್ಲಿಂದ ಕೈಬರಹದ ಪಹಣಿ, ಹೀಗೆ ಹಿಂದಕ್ಕೆ ಹೋಗಿ. ಮಂಡ್ಯ ಜಿಲ್ಲೆ ಆಗಿದ್ದು 1939ರಲ್ಲಿ. ಅದಕ್ಕೂ ಹಳೆಯ ಪತ್ರದಲ್ಲಿ ಮೈಸೂರು ಜಿಲ್ಲೆ ಅಂತಿದ್ದರೆ ಗಾಬರಿಯಾಗಬೇಡಿ. ಊರಿನ ಲೆಕ್ಕಪತ್ರ ಬರೆಯುತ್ತಿದ್ದ ವಂಶಪಾರಂಪರ್ಯ ಶಾನುಭೋಗಿಕೆ 1963ರಲ್ಲಿ ಹೋಯಿತು. ಹಳೇ ಶಾನುಭೋಗರ ಮನೆಯವರು ಊರಲ್ಲಿದ್ದರೆ ಅವರನ್ನೂ ಒಮ್ಮೆ ಮಾತಾಡಿಸಿ. ನಾಡಕಚೇರಿಯ ವಂಶವೃಕ್ಷ ಪತ್ರ ಆಸ್ತಿ ಕೆಲಸಕ್ಕೆ ಸರಿ, ಈ ಹುಡುಕಾಟಕ್ಕೆ ಜಾಸ್ತಿ ಉಪಯೋಗವಿಲ್ಲ.

ಊರಲ್ಲಿ ಶಾಸನದ ಕಲ್ಲಿದ್ದರೆ ಶಾಸನಗಳ ಸಂಗ್ರಹವಾದ 'ಎಪಿಗ್ರಾಫಿಯ ಕರ್ನಾಟಿಕ'ದ ಪರಿಷ್ಕೃತ 7ನೇ ಸಂಪುಟ ತೆಗೆದು ನೋಡಿ, ನಾಗಮಂಗಲ ತಾಲ್ಲೂಕು ಅದರಲ್ಲಿದೆ. ಆದರೆ ಅಲ್ಲಿನ ಗೌಡನೇ ನಮ್ಮ ಮುತ್ತಜ್ಜ ಅಂತ ಗಂಟು ಹಾಕಬೇಡಿ. ನಡುವೆ ನೂರಾರು ವರ್ಷದ ಕೊಂಡಿ ಸಿಗೋದಿಲ್ಲ.

ಹೆಳವರನ್ನು ಮರೆಯಬೇಡಿ. ಮನೆತನಗಳ ವಂಶಾವಳಿ ಹೇಳೋದೇ ಅವರ ಕಸುಬು. ಎತ್ತಿನ ಮೇಲೆ ಬರುತ್ತಿದ್ದವರು ಈಗ ಬರೋದು ಕಡಿಮೆ, ಬಂದರೂ ಸುಗ್ಗಿ ಮುಗಿದ ಮೇಲೆ. ಎರಡೂ ಮನೆಯಲ್ಲಿ ಫೋನ್ ನಂಬರ್ ಕೊಟ್ಟು, ಅವರು ಬಂದ ದಿನ ಒಂದು ಕರೆ ಮಾಡಿ ಅಂತ ಹೇಳಿ ಬಂದಿದ್ದೇವೆ.