15,000 ರೂಪಾಯಿಯೊಳಗೆ ನೀರಡಿಯ ಕ್ಯಾಮೆರಾ: ಬದಿಯಡ್ಕದ ಸ್ಟುಡಿಯೊದವನ ಲೆಕ್ಕ

ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ನನ್ನದೊಂದು ಸಣ್ಣ ಸ್ಟುಡಿಯೊ ಇದೆ. ಮದುವೆ, ಉಪನಯನ, ಗೃಹಪ್ರವೇಶ, ಭೂತದ ಕೋಲ, ಪಾಸ್‌ಪೋರ್ಟ್ ಫೋಟೊ, ಹೀಗೆ ಹೊಟ್ಟೆಪಾಡು. ಈಗೀಗ ಅಂಗಡಿಗೆ ಬರುವವರು ಹೊಸದೊಂದು ಪ್ರಶ್ನೆ ಕೇಳುತ್ತಾರೆ. "ಲಕ್ಷದ್ವೀಪಕ್ಕೆ ಹೋಗ್ತಾ ಇದ್ದೇವೆ, ನೀರೊಳಗೆ ತೆಗೆಯುವ ಕ್ಯಾಮೆರಾ ಯಾವುದು ತಗೊಳ್ಳಲಿ? ಜಾಸ್ತಿ ದುಡ್ಡು ಹಾಕುವ ಹಾಗಿಲ್ಲ." ಒಬ್ಬೊಬ್ಬರಿಗೂ ಕೌಂಟರ್‌ನಲ್ಲಿ ನಿಂತು ಹೇಳುವ ಬದಲು ಒಂದು ಸಲ ಬರೆದುಬಿಡೋಣ ಅನಿಸಿತು.

ಬಂದವರು ಮಾತು ಶುರು ಮಾಡುವುದೇ ಮೆಗಾಪಿಕ್ಸೆಲ್‌ನಿಂದ, 4ಕೆಯಿಂದ. ಅದನ್ನೆಲ್ಲ ಪಕ್ಕಕ್ಕಿಡಿ. ಎಷ್ಟು ಆಳಕ್ಕೆ ಇಳಿಯುತ್ತೀರಿ? ಅಲ್ಲಿ ಏನನ್ನು ತೆಗೆಯಬೇಕು ಅಂತ ಆಸೆ? ಈ ಎರಡಕ್ಕೆ ಉತ್ತರ ಸಿಕ್ಕಿದರೆ ಅರ್ಧ ಕ್ಯಾಮೆರಾಗಳು ಪಟ್ಟಿಯಿಂದ ತಾವಾಗಿಯೇ ಬಿದ್ದುಹೋಗುತ್ತವೆ.

ಆಳದ ವಿಷಯ ಮೊದಲು. ಸ್ನಾರ್ಕೆಲಿಂಗ್ ಅಂದರೆ ನೀರಿನ ಮೇಲೆಯೇ ಮುಖ ಕೆಳಗೆ ಮಾಡಿ ತೇಲುವುದು. ಉಸಿರು ಹಿಡಿದು ಮುಳುಗಿದರೂ ನಮ್ಮಂಥವರು ಎರಡು ಮೂರು ಮೀಟರ್ ಹೋದರೆ ದೊಡ್ಡದು. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಇಳಿಯುವ ಸ್ಕೂಬಾ ಬೇರೆ ಲೆಕ್ಕ. ಡೈವಿಂಗ್ ತರಬೇತಿ ಕೊಡುವ ಪಾಡಿ (PADI) ಸಂಸ್ಥೆಯವರ ನಿಯಮದಲ್ಲಿ ತರಬೇತಿ ಇಲ್ಲದವರ ಮೊದಲ ಅನುಭವದ ಡೈವ್‌ಗೆ ಹೆಚ್ಚೆಂದರೆ 12 ಮೀಟರ್, ಓಪನ್ ವಾಟರ್ ಕೋರ್ಸ್ ಮುಗಿಸಿದವರಿಗೆ 18 ಮೀಟರ್. ಪ್ರತಿ 10 ಮೀಟರಿಗೆ ಒಂದು ವಾತಾವರಣದಷ್ಟು ಒತ್ತಡ ಜಾಸ್ತಿಯಾಗುತ್ತಾ ಹೋಗುತ್ತದೆ. ಹಾಗಾಗಿ ಪೆಟ್ಟಿಗೆಯ ಮೇಲೆ '10 ಮೀಟರ್' ಅಂತ ಇರುವ ಗೋಪ್ರೊದಂಥ ಪುಟ್ಟ ಆ್ಯಕ್ಷನ್ ಕ್ಯಾಮೆರಾವನ್ನು ಹೌಸಿಂಗ್, ಅಂದರೆ ನೀರು ಹೊಗದ ಗಟ್ಟಿ ಹೊರಡಬ್ಬಿ, ಇಲ್ಲದೆ ಸ್ಕೂಬಾಕ್ಕೆ ಒಯ್ಯುವ ಹಾಗಿಲ್ಲ. ಸ್ನಾರ್ಕೆಲಿಂಗ್‌ಗೆ ಅದೇ 10 ಮೀಟರ್ ಬೇಕಾದಷ್ಟಾಯಿತು.

"ನನ್ನ ಫೋನೇ ವಾಟರ್‌ಪ್ರೂಫ್ ಅಲ್ವಾ?" ಅಂತ ಕೇಳುವವರಿದ್ದಾರೆ. ನೀರು ತಡೆಯುತ್ತದೆ ಅನ್ನುವುದಕ್ಕೆ ಐಪಿ68 ಅಂತ ಗುರುತು ಬರೆದ ಎಷ್ಟೋ ಫೋನ್‌ಗಳ ಲೆಕ್ಕ ಒಂದೂವರೆ ಮೀಟರ್ ಆಳ, ಅರ್ಧ ಗಂಟೆ, ಅದೂ ನಿಂತ ಸಿಹಿನೀರಿನಲ್ಲಿ. ಸಮುದ್ರದಲ್ಲಿ ಅಲೆ ಇದೆ, ಉಪ್ಪು ಇದೆ. ನೀರು ಹೊಕ್ಕು ಹಾಳಾದರೆ ಸಾಮಾನ್ಯವಾಗಿ ವಾರಂಟಿಯೂ ಇಲ್ಲ. ಕೆಲವು ನೂರು ರೂಪಾಯಿಯ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರೆ ಇನ್ನೊಂದು ತಾಪತ್ರಯ. ಸ್ವಲ್ಪ ಕೆಳಗೆ ಹೋದ ಕೂಡಲೇ ನೀರು ಚೀಲವನ್ನು ಪರದೆಗೆ ಒತ್ತಿ ಹಿಡಿಯುತ್ತದೆ, ಟಚ್ ಕೆಲಸ ಮಾಡುವುದಿಲ್ಲ. ಮೇಲೆ ಇರುವಾಗಲೇ ವಿಡಿಯೊ ಆನ್ ಮಾಡಿ ಇಳಿಯಬೇಕು. ದೋಣಿಯಲ್ಲಿ ಕೂತು ಮಕ್ಕಳ ವಿಡಿಯೊ ಮಾಡುವುದಕ್ಕೆ ಚೀಲ ಸಾಕು, ಅದಕ್ಕಿಂತ ಮುಂದಕ್ಕೆ ಬೇಡ.

ಇನ್ನೊಂದು ಮಾತು ಹೇಳಿದರೆ ಕ್ಯಾಮೆರಾ ಮಾರುವವರಿಗೆ ನನ್ನ ಮೇಲೆ ಸಿಟ್ಟು ಬರಬಹುದು. ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪಕ್ಕೋ ಮಹಾರಾಷ್ಟ್ರದ ಮಾಲವಣಕ್ಕೋ ಹೋಗಿ ಒಂದೇ ಒಂದು ಸಲ ಸ್ಕೂಬಾ ಮಾಡಿ ಬರುವವರು ಕ್ಯಾಮೆರಾ ಕೊಳ್ಳುವುದೇ ಬೇಡ. ಮೊದಲ ಡೈವ್‌ನಲ್ಲಿ ಕಿವಿಯ ಒತ್ತಡ ಸರಿ ಮಾಡಿಕೊಳ್ಳುವುದು, ಬಾಯಲ್ಲಿ ಉಸಿರಾಡುವುದು ಇದರಲ್ಲೇ ಸಾಕುಸಾಕಾಗಿರುತ್ತದೆ. ಕೈಯಲ್ಲಿ ಕ್ಯಾಮೆರಾ ಹಿಡಿಯಲು ಕೆಲವು ಕಡೆ ಬಿಡುವುದೂ ಇಲ್ಲ. ಡೈವ್ ಮಾಡಿಸುವವರಲ್ಲಿ ಹೆಚ್ಚಿನವರು ತಾವೇ ವಿಡಿಯೊ ಮಾಡಿ ಕೊಡುತ್ತಾರೆ. ಬುಕ್ ಮಾಡುವಾಗಲೇ ಕೇಳಿಕೊಳ್ಳಿ, ಅದು ಪ್ಯಾಕೇಜಿನೊಳಗೆ ಬರುತ್ತದಾ, ಮೇಲಿಂದ ಕೊಡಬೇಕಾ ಅಂತ. ಉಳಿದ ದುಡ್ಡಿನಲ್ಲಿ ಇನ್ನೊಂದು ಡೈವ್ ಮಾಡಿ.

ಇಷ್ಟು ಕೇಳಿದ ಮೇಲೂ "ಇಲ್ಲ, ನನಗೆ ನನ್ನದೇ ಬೇಕು" ಅನ್ನುವವರಿಗೆ ಎರಡನೇ ಪ್ರಶ್ನೆ. ಏನನ್ನು ತೆಗೆಯುತ್ತೀರಿ?

ಹವಳದ ಸಂದಿಯಲ್ಲಿ ಕೂತ ಉಗುರಿನಷ್ಟು ಸೀಗಡಿ, ಬಣ್ಣಬಣ್ಣದ ಸಮುದ್ರ ಗೊಂಡೆಹುಳ, ಇಂಥದ್ದು ಬೇಕಾದರೆ ಒಲಿಂಪಸ್ ಟಿಜಿ-6 ಅಥವಾ ಅದರ ತಮ್ಮ ಟಿಜಿ-7. ಟಿಜಿ-7 ಬಂದದ್ದು 2023ರಲ್ಲಿ, ಹೆಸರು ಈಗ ಓಎಂ ಸಿಸ್ಟಮ್. ಹೌಸಿಂಗ್ ಇಲ್ಲದೆಯೇ 15 ಮೀಟರ್ ತನಕ ಇಳಿಯುತ್ತದೆ, ಹೌಸಿಂಗ್ ಹಾಕಿದರೆ 45 ಮೀಟರ್. ಮೈಕ್ರೋಸ್ಕೋಪ್ ಮೋಡ್‌ನಲ್ಲಿ ಒಂದು ಸೆಂಟಿಮೀಟರ್ ಹತ್ತಿರ ಹೋದರೂ ಫೋಕಸ್ ಆಗುತ್ತದೆ. ಸ್ಟುಡಿಯೊದವನ ಕಣ್ಣಿನಿಂದ ನೋಡಿದರೆ ಅದರ ನಿಜವಾದ ಗುಣ ಇನ್ನೊಂದು: ರಾ ಫೈಲ್, ಅಂದರೆ ಕ್ಯಾಮೆರಾ ಕಂಡದ್ದನ್ನೆಲ್ಲ ಕುಗ್ಗಿಸದೆ ಉಳಿಸಿದ ಫೈಲ್, ಕೊಡುತ್ತದೆ, ನೀಲಿಗಟ್ಟಿದ ಫೋಟೊವನ್ನು ಮನೆಗೆ ಬಂದು ಸರಿ ಮಾಡಬಹುದು. ಆದರೆ ನನ್ನ 15,000ಕ್ಕೆ ಅದು ದಕ್ಕುವುದಿಲ್ಲ. ಹಳೆಯದು ಸಿಕ್ಕಿದರೂ ಬಾಗಿಲಿನ ರಬ್ಬರ್ ಎಷ್ಟು ಸವೆದಿದೆ ಅಂತ ನೋಡಿ ಹೇಳುವುದು ಕಷ್ಟ.

ಆಮೆ, ಗಿಳಿಮೀನು, ಚಿಟ್ಟೆಮೀನಿನ ಹಿಂಡು, ಮಾಸ್ಕ್ ಹಾಕಿಕೊಂಡು ಕೈ ಬೀಸುವ ಹೆಂಡತಿ ಮಕ್ಕಳು, ಇಷ್ಟು ಸಾಕು ಅನ್ನುವವರಿಗೆ ಆ್ಯಕ್ಷನ್ ಕ್ಯಾಮೆರಾ ಸರಿ. ಹೊಸದರಲ್ಲಿ ಡಿಜೆಐ ಆಸ್ಮೊ ಆ್ಯಕ್ಷನ್ 4 ಹೌಸಿಂಗ್ ಇಲ್ಲದೆಯೇ 18 ಮೀಟರ್ ಇಳಿಯುತ್ತದೆ, ಆ್ಯಕ್ಷನ್ 5 ಪ್ರೊ 20 ಮೀಟರ್. ಗೋಪ್ರೊದ ಹೀರೊ ಬ್ಲ್ಯಾಕ್ ಮಾಡೆಲ್‌ಗಳು 10 ಮೀಟರ್, ಕಂಪನಿಯ ಹೌಸಿಂಗ್ ಹಾಕಿದರೆ 60. ಇವುಗಳ ದೊಡ್ಡ ಕೊರತೆ ಎಂದರೆ ಫೋಕಸ್ ಸ್ಥಿರ. ಸುಮಾರು ಒಂದು ಅಡಿಗಿಂತ ಹತ್ತಿರ ಹೋದರೆ ಮಸುಕು. ದೂರ ಇಟ್ಟರೆ ಅಗಲ ಲೆನ್ಸ್‌ನಲ್ಲಿ ಮೀನು ಚುಕ್ಕೆಯಷ್ಟಾಗುತ್ತದೆ. ಒಂದು ಅಡಿಯಿಂದ ಒಂದು ಮೀಟರ್, ಅದರ ನಡುವೆ ಇದ್ದದ್ದೇ ಚಿತ್ರ. ಹಾಗಾಗಿ ಸೆಲ್ಫಿ ಸ್ಟಿಕ್ ಇಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ನೀವು ಅಲ್ಲಾಡದೆ ನಿಂತು ಕೋಲನ್ನು ಮಾತ್ರ ಮುಂದೆ ಚಾಚಿದರೆ ಮೀನು ಅಷ್ಟೊಂದು ಓಡುವುದಿಲ್ಲ.

ನಾನು ತಗೊಂಡದ್ದು ಹಳೆಯ ಗೋಪ್ರೊ ಹೀರೊ 7 ಬ್ಲ್ಯಾಕ್. ನಮ್ಮ ಕಾಸರಗೋಡಿನಲ್ಲಿ ಹಳೆ ಕ್ಯಾಮೆರಾಕ್ಕೆ ಬರಗಾಲವಿಲ್ಲ. ಗಲ್ಫ್‌ನಿಂದ ರಜೆಗೆ ಬಂದವರು ಒಂದನ್ನು ತರುತ್ತಾರೆ, ಬೇಕಲ ಕೋಟೆಯಲ್ಲಿ ನಾಲ್ಕು ವಿಡಿಯೊ ಮಾಡುತ್ತಾರೆ, ಮುಂದಿನ ರಜೆಯಲ್ಲಿ ಹೊಸ ಮಾಡೆಲ್ ಬಂದಿರುತ್ತದೆ. ಕುಂಬಳೆಯ ಹುಡುಗನೊಬ್ಬ 10,000ಕ್ಕೆ ಕೊಟ್ಟ. 2018ರ ಮಾಡೆಲ್ ಆದರೂ ಬ್ಯಾಟರಿ ಬದಲಿಸಬಹುದು, ಕೈ ನಡುಗಿದರೂ ವಿಡಿಯೊ ಅಲುಗುವುದಿಲ್ಲ. ಉಳಿದ ದುಡ್ಡಿನಲ್ಲಿ ಹೌಸಿಂಗ್, ಎರಡು ಬ್ಯಾಟರಿ, ಕೆಂಪು ಫಿಲ್ಟರ್, ಕಿತ್ತಳೆ ಬಣ್ಣದ ತೇಲುವ ಹಿಡಿ. ಹಿಡಿ ಬೇಕೇ ಬೇಕು. ಈ ಕ್ಯಾಮೆರಾಗಳು ಕೈಜಾರಿದರೆ ನೇರ ತಳಕ್ಕೆ.

ಹೌಸಿಂಗ್ ನಾನು ತರಿಸಿದ್ದು ಬೇರೆ ಕಂಪನಿಯದ್ದು. ಮೇಲೆ '45 ಮೀಟರ್' ಅಂತ ಇತ್ತು. ಬರೆಯುವುದಕ್ಕೇನು, ಯಾರು ಬೇಕಾದರೂ ಬರೆಯಬಹುದು. ಅದಕ್ಕೆ ನಮ್ಮ ಮನೆ ಬಾವಿಯಲ್ಲೇ ಪರೀಕ್ಷೆ ಮಾಡಿದೆ. ಮಳೆಗಾಲದ ಆಟಿ ತಿಂಗಳು, ಮುರಕಲ್ಲಿನ ಬಾವಿ ಕಟ್ಟೆಯ ಹತ್ತಿರದವರೆಗೂ ತುಂಬಿತ್ತು. ಹೌಸಿಂಗ್‌ನೊಳಗೆ ಕ್ಯಾಮೆರಾದ ಬದಲು ಮಡಿಸಿದ ಟಿಶ್ಯೂ ಕಾಗದ ಇಟ್ಟೆ. ಖಾಲಿ ಹೌಸಿಂಗ್ ತೇಲುತ್ತದೆ, ಆದ್ದರಿಂದ ಅಡಿಗೆ ಒಂದು ಕಲ್ಲು ಕಟ್ಟಿ ರಾಟೆಯ ಹಗ್ಗದಲ್ಲಿ ಇಳಿಬಿಟ್ಟೆ. ಅಮ್ಮ ಬಂದು ಬಗ್ಗಿ ನೋಡಿ, "ಕೊಡಪಾನ ಬಿತ್ತಾ?" ಅಂತ ಕೇಳಿದರು. ಅರ್ಧ ಗಂಟೆ ಬಿಟ್ಟು ಎಳೆದೆ. ತೆರೆಯುವ ಮೊದಲು ಹೊರಗೆಲ್ಲ ಒರೆಸಬೇಕು, ಇಲ್ಲದಿದ್ದರೆ ತೆರೆಯುವಾಗ ಬಿದ್ದ ಹನಿಯೋ ಒಳಗೆ ಹೊಕ್ಕ ನೀರೋ ಗೊತ್ತಾಗುವುದಿಲ್ಲ. ಕಾಗದದ ಒಂದು ಮೂಲೆ ಒದ್ದೆಯಾಗಿತ್ತು. ಬೆಳಕಿಗೆ ಹಿಡಿದು ನೋಡಿದರೆ ಮುಚ್ಚಳದ ಸಂದಿಯಲ್ಲಿ ನೀರು ತಡೆಯುವ ರಬ್ಬರ್ ಬಳೆ, ಅಂದರೆ ಓ-ರಿಂಗ್ ಮೇಲೆ ಅಡ್ಡಕ್ಕೆ ಒಂದು ಎಳೆ, ಪ್ಯಾಕಿಂಗ್‌ನ ಸ್ಪಂಜಿನದ್ದೋ ಬಟ್ಟೆಯದ್ದೋ. ಕಣ್ಣಿಗೆ ಕಾಣದಷ್ಟು ಸಣ್ಣದು. ರಬ್ಬರ್ ತೆಗೆದು ತೊಳೆದು, ಅದು ಕೂರುವ ಸಂದನ್ನು ಬೆರಳಿನಿಂದ ಸವರಿ ಮತ್ತೆ ಇಳಿಬಿಟ್ಟೆ. ಈ ಸಲ ಕಾಗದ ಗರಿಗರಿ.

ಬಾವಿಯ ಆಳ ಸಮುದ್ರದ ಆಳಕ್ಕೆ ಸಮ ಅಲ್ಲ, ನಿಜ. ಆದರೆ ಎಳೆ, ಕೂದಲು, ಮರಳಿನ ಕಣ, ಸರಿಯಾಗಿ ಕೂರದ ಬೀಗ, ಇವೆಲ್ಲ ಕಡಿಮೆ ಆಳದಲ್ಲೇ ಸೋರುತ್ತವೆ. ಆಳದಲ್ಲಿ ಅಗ್ಗದ ಹೌಸಿಂಗ್‌ಗೆ ಬರುವ ಕಾಯಿಲೆ ಬೇರೆ. ನೀರಿನ ಒತ್ತಡಕ್ಕೆ ಬಟನ್ ಒಳಗೆ ಹೋಗಿ ಅಲ್ಲೇ ಕೂತುಬಿಡುತ್ತದೆ, ವಿಡಿಯೊ ನಿಲ್ಲಿಸಲು ಆಗುವುದಿಲ್ಲ. ಆಳಕ್ಕೆ ಇಳಿಯುವ ಮೊದಲೇ ಆನ್ ಮಾಡಿಟ್ಟರೆ ಕ್ಷೇಮ. ಓ-ರಿಂಗ್‌ಗೆ ತೆಂಗಿನೆಣ್ಣೆ ಹಚ್ಚುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ, ವ್ಯಾಸಲಿನ್ ಕೂಡ ಬೇಡ. ಸಿಲಿಕಾನ್ ರಬ್ಬರಿಗೆ ಸಿಲಿಕಾನ್ ಗ್ರೀಸ್ ಹಚ್ಚಿದರೂ ಅದು ಊದಿಕೊಳ್ಳಬಹುದು. ಜೊತೆಗೆ ಬಂದ ಪುಸ್ತಕದಲ್ಲಿ ಹಚ್ಚಿ ಅಂತ ಇದ್ದರೆ ಮಾತ್ರ ಹಚ್ಚಿ.

ಬಣ್ಣದ ವಿಷಯಕ್ಕೆ ಬರುತ್ತೇನೆ, ಇದು ನನ್ನ ಕಸುಬು. ನೀರು ಮೊದಲು ನುಂಗುವುದು ಕೆಂಪನ್ನು. ಸುಮಾರು 5 ಮೀಟರ್ ಆಳದಲ್ಲಿ ಕೆಂಪು ಹೆಚ್ಚುಕಡಿಮೆ ಹೋಗಿಬಿಟ್ಟಿರುತ್ತದೆ, ಆಮೇಲೆ ಕಿತ್ತಳೆ, ಆಮೇಲೆ ಹಳದಿ. ಬರೀ ಆಳ ಅಲ್ಲ, ನಿಮಗೂ ಮೀನಿಗೂ ನಡುವೆ ಇರುವ ನೀರೂ ಲೆಕ್ಕಕ್ಕೆ ಬರುತ್ತದೆ. ಹತ್ತಿರ ಹೋಗಿ ಅಂತ ಎಲ್ಲರೂ ಹೇಳುವುದು ಇದಕ್ಕೇ. ಕೆಂಪು ಫಿಲ್ಟರ್ ನೀಲಿಯನ್ನು ತಡೆದು ಬಣ್ಣ ಸರಿದೂಗಿಸುತ್ತದೆ, ಹೊಸ ಕೆಂಪನ್ನು ಹುಟ್ಟಿಸುವುದಿಲ್ಲ. ಹಾಗಾಗಿ ಮೇಲ್ಮೈಯಲ್ಲಿ ಅದನ್ನು ಹಾಕಿದರೆ ಎಲ್ಲರ ಮುಖವೂ ವೀಳ್ಯ ಹಾಕಿದ ಬಾಯಿಯ ಬಣ್ಣ. ಮೂರ್ನಾಲ್ಕು ಮೀಟರ್ ದಾಟಿದ ಮೇಲೆ ಹಾಕಿ. ಅದೂ ನೀಲಿ ನೀರಿಗೆ ಮಾತ್ರ. ನಮ್ಮ ತೋಟದ ಕೆರೆಯ ಹಸಿರು ನೀರಿನಲ್ಲಿ ಹಾಕಿ ನೋಡಿದರೆ ಮುಗುಡು ಮೀನೂ ಕಾಣಲಿಲ್ಲ, ಬಿದ್ದ ಅಡಿಕೆ ಸೋಗೆಯೂ ಕಾಣಲಿಲ್ಲ, ಎಲ್ಲ ಕಂದು ಕತ್ತಲೆ. ಹಸಿರು ನೀರಿಗೆ ಮಜಂತಾ ಫಿಲ್ಟರ್ ಬೇರೆಯೇ ಇದೆ.

ಫ್ಲ್ಯಾಶ್ ಇರುವ ಕ್ಯಾಮೆರಾ ಆದರೆ ಅದನ್ನು ಆಫ್ ಮಾಡಿ. ಮಳೆಗಾಲದ ರಾತ್ರಿ ಕಾರಿನ ಹೆಡ್‌ಲೈಟಿಗೆ ಹನಿಗಳು ಮಿಂಚುವ ಹಾಗೆ ನೀರಿನ ಕಸವೆಲ್ಲ ಬೆಳ್ಳಗೆ ಮಿಂಚುತ್ತದೆ, ಮೀನು ಹಿಂದೆ ಉಳಿಯುತ್ತದೆ. ಅದಕ್ಕಿಂತ ಬಿಸಿಲು ನೆತ್ತಿಗೆ ಬಂದಾಗ ಇಳಿಯುವುದು ಒಳ್ಳೆಯದು. ಮತ್ತೆ, ಮೇಲಿನಿಂದ ಕೆಳಗೆ ತೆಗೆಯಬೇಡಿ. ಮೀನಿನ ಬೆನ್ನು ಮಾತ್ರ ಬರುತ್ತದೆ. ಆದಷ್ಟು ಅದರ ಮಟ್ಟಕ್ಕೆ ಇಳಿದು ಸ್ವಲ್ಪ ಮೇಲ್ಮುಖವಾಗಿ ತೆಗೆದರೆ ಹಿನ್ನೆಲೆಯಲ್ಲಿ ಬೆಳಕೂ ಸಿಗುತ್ತದೆ. ನೀರಿಗಿಳಿದ ಕೂಡಲೇ ಲೆನ್ಸ್ ಗಾಜನ್ನು ಒಮ್ಮೆ ಬೆರಳಿನಿಂದ ಉಜ್ಜಿ. ಸಣ್ಣ ಸಣ್ಣ ಗುಳ್ಳೆಗಳು ಅಂಟಿಕೊಂಡಿರುತ್ತವೆ, ಆಗ ಯಾರೂ ನೋಡುವುದಿಲ್ಲ.

ಎಲ್ಲಿ ಹೋಗುವುದು? ನಮ್ಮ ಕಡಲಿನಲ್ಲಿ, ಬೇಕಲವಾಗಲಿ ಕಣ್ವತೀರ್ಥವಾಗಲಿ, ಮರಳು ತಳ, ಕಲಕಿದ ನೀರು. ಕ್ಯಾಮೆರಾಕ್ಕೆ ಅಲ್ಲಿ ಕೆಲಸ ಕಡಿಮೆ. ಹತ್ತಿರದ ದಾರಿ ಎಂದರೆ ಮಂಗಳೂರಿಗೆ ಹೋಗಿ ಅಲ್ಲಿಂದ ರೈಲಿನಲ್ಲಿ ಮುರುಡೇಶ್ವರ, ಆಮೇಲೆ ದೋಣಿಯಲ್ಲಿ ನೇತ್ರಾಣಿ. ಮಳೆಗಾಲದಲ್ಲಿ ಅದು ಬಂದ್. ಲಕ್ಷದ್ವೀಪಕ್ಕೆ ಪರ್ಮಿಟ್ ಬೇಕು, ಹೆಚ್ಚಾಗಿ ಕೊಚ್ಚಿಯಿಂದ ಹಡಗೋ ವಿಮಾನವೋ ಹಿಡಿಯಬೇಕು. ಒಂದು ತಮಾಷೆ ಗೊತ್ತಾ? ಡೈವಿಂಗ್‌ಗೆ ಹೆಸರಾದ ಕಡ್ಮತ್ ಸೇರಿ ಅಮಿನಿದೀವಿ ದ್ವೀಪಗಳೆಲ್ಲ 1956ರ ತನಕ ನಮ್ಮ ಹಾಗೆಯೇ ದಕ್ಷಿಣ ಕನ್ನಡ ಜಿಲ್ಲೆಯವು. ಒಂದೇ ಜಿಲ್ಲೆಯಲ್ಲಿದ್ದವರು ನಾವು, ಈಗ ನೋಡಲಿಕ್ಕೆ ಹೋಗಬೇಕಾದರೆ ಅರ್ಜಿ ಹಾಕಬೇಕು.

ಎಲ್ಲೇ ಹೋದರೂ ಫೋಟೊಕ್ಕಾಗಿ ಹವಳದ ಮೇಲೆ ನಿಲ್ಲಬೇಡಿ, ತುಂಡು ಮುರಿದು ತರಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹವಳಕ್ಕೆ ರಕ್ಷಣೆ ಇದೆ. ಚೀಲದಲ್ಲಿ ಸಿಕ್ಕಿದರೆ ಕೇಸ್ ಆಗುತ್ತದೆ.

ಹೌಸಿಂಗ್ ಮುಚ್ಚುವ ಕೆಲಸ ಹಿಂದಿನ ರಾತ್ರಿಯೇ ಆಗಲಿ, ಸಾಧ್ಯವಾದರೆ ಎಸಿ ಕೋಣೆಯಲ್ಲಿ. ಕರಾವಳಿಯ ಸೆಕೆಗಾಳಿಯನ್ನು ಒಳಗೆ ಕಟ್ಟಿಹಾಕಿದರೆ, ಕ್ಯಾಮೆರಾ ಬಿಸಿಯಾಗಿ ಹೊರಗೆ ನೀರು ತಂಪಾಗಿ, ಗಾಜಿನ ಒಳಗೆ ಮಂಜು ಕಟ್ಟುತ್ತದೆ. ಹೊಸ ಚಪ್ಪಲಿ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್‌ನ ಸಣ್ಣ ಪೊಟ್ಟಣ ಒಂದನ್ನು ಜಾಗ ಇದ್ದರೆ ಒಳಗೆ ತುರುಕಿ. ವಾಪಸ್ ಬಂದ ಮೇಲೆ ತೆರೆಯುವ ಆತುರ ಬೇಡ. ಸಿಹಿನೀರಿನ ಬಕೆಟ್‌ನಲ್ಲಿ ಅರ್ಧ ಗಂಟೆ ಮುಳುಗಿಸಿಡಿ, ನೀರೊಳಗೇ ಬಟನ್‌ಗಳನ್ನು ಒತ್ತಿ ಬಿಡಿ, ಇಲ್ಲದಿದ್ದರೆ ಸ್ಪ್ರಿಂಗ್‌ನಲ್ಲಿ ಉಪ್ಪು ಗಟ್ಟಿಯಾಗುತ್ತದೆ. ನೆರಳಲ್ಲಿ ಒಣಗಿಸಿ. ಬೀಗ ತೆಗೆಯುವ ಮೊದಲು ನಿಮ್ಮ ತಲೆಯನ್ನೂ ಚೆನ್ನಾಗಿ ಒರೆಸಿಕೊಳ್ಳಿ. ಬಗ್ಗಿದಾಗ ಕೂದಲಿನಿಂದ ಒಂದು ಹನಿ ಉಪ್ಪುನೀರು ಬ್ಯಾಟರಿ ಬಾಗಿಲಿಗೆ ಬಿದ್ದರೂ ಸಾಕು.