ಮೂರು ಪೆಡಲ್, ಎರಡು ರೆಕ್ಕೆ

ಇವತ್ತು ಮಿಷಿಗನ್‌ನಲ್ಲಿ ಹಳೇ ಕಾರುಗಳ ಶೋಗೆ ಹೋಗಿದ್ದೆ. ಪಕ್ಕಪಕ್ಕದಲ್ಲೇ 1915ರ ಫೋರ್ಡ್ ಮಾಡೆಲ್ ಟಿ, 1959ರ ಕ್ಯಾಡಿಲಾಕ್. ಅಜ್ಜನ ಪಕ್ಕ ಮದುಮಗ ನಿಂತ ಹಾಗೆ.

ಜನವೆಲ್ಲ ಕ್ಯಾಡಿಲಾಕ್ ಬೆನ್ನಿಗೆ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಎರಡು ಚೂಪು ರೆಕ್ಕೆ, ಒಂದೊಂದರಲ್ಲೂ ಜೋಡಿ ಕೆಂಪು ದೀಪ. ಉದ್ದ ಹತ್ತಿರ ಹತ್ತಿರ 19 ಅಡಿ. ಹಾರಲ್ಲ ಅಂತ ಗೊತ್ತಿದ್ದೂ ರೆಕ್ಕೆ!

ನಾನು ಮಾತ್ರ ಫೋರ್ಡಿನೊಳಗೆ ಬಗ್ಗಿ ನೋಡುತ್ತಾ ನಿಂತೆ. 20 ಕುದುರೆಶಕ್ತಿ ಅಷ್ಟೇ. ಕಾಲಡಿ ಮೂರು ಪೆಡಲ್. ಎಡದ್ದು ಗೇರಿಗೆ, ನಡುವಿನದು ರಿವರ್ಸಿಗೆ, ಬಲದ್ದು ಬ್ರೇಕ್. ಆಕ್ಸಿಲರೇಟರ್? ಸ್ಟಿಯರಿಂಗ್ ಕೆಳಗೆ, ಕೈಗೆ ಸಿಗುವ ಪುಟ್ಟ ಲಿವರ್.

ಇಷ್ಟು ವರ್ಷದಿಂದ ಕಾರು ಓಡಿಸುತ್ತಿದ್ದೇನೆ. ಇದನ್ನು ಕೊಟ್ಟರೆ ಹೊರಡೋಣ ಅಂತ ಬಲಗಾಲು ಒತ್ತಿ ಅಲ್ಲೇ ನಿಂತುಬಿಡುತ್ತೇನೆ, ಅಲ್ವಾ?