ಒಂದು ಬೀಪ್, ಒಂದು ಎಸ್

ನಿನ್ನೆ ರಾತ್ರಿ ನನ್ನ ಹಳೇ ಲ್ಯಾಪ್‌ಟಾಪಿಗೆ ನಾನೇ ಡೆಬಿಯನ್ ಅನ್ನೋ ಆಪರೇಟಿಂಗ್ ಸಿಸ್ಟಮ್ ಹಾಕಿದೆ. ಪಕ್ಕದಲ್ಲಿ ಯಾರೂ ಇರಲಿಲ್ಲ.

ಕಣ್ಣು ಕಾಣದವರಿಗೆ ಇದು ಎಷ್ಟು ದೊಡ್ಡ ಮಾತು ಅಂತ ಹೇಗೆ ಹೇಳಲಿ? ಮೊದಲೆಲ್ಲ ತಮ್ಮನನ್ನು ಕೂರಿಸಿಕೊಂಡು, "ಈಗ ಏನು ಬಂತು? ಏನು ಬರೆದಿದೆ?" ಅಂತ ಕೇಳುತ್ತಲೇ ಇರಬೇಕಿತ್ತು. ಪಾಪ, ಅವನಿಗೂ ನಿದ್ದೆ.

ಪೆನ್‌ಡ್ರೈವ್ ಚುಚ್ಚಿ ಆನ್ ಮಾಡಿ, ಕಿವಿಗೊಟ್ಟು ಕೂತೆ. ಬೀಪ್ ಸದ್ದು ಬಂತು. ಮೆನು ಸಿದ್ಧ ಅಂತ ಅದರ ಅರ್ಥ. ದನಿಯಲ್ಲಿ ಇನ್‌ಸ್ಟಾಲ್ ಮಾಡಲು ಎಸ್ ಕೀ ಒತ್ತಿ ಎಂಟರ್ ಕೊಟ್ಟೆ. ಸ್ವಲ್ಪ ಹೊತ್ತು ಬರೀ ಫ್ಯಾನ್ ಸದ್ದು. ಆಮೇಲೆ, ಬರಹವನ್ನು ಮಾತಾಗಿಸುವ ಈಸ್ಪೀಕ್ ತಂತ್ರಾಂಶದ ಆ ಒರಟು ದನಿ ಮಾತಾಡಿತು. ಎಷ್ಟೋ ಜನರಿಗೆ ಅದು ಕರ್ಕಶ. ನನಗೆ ನಿನ್ನೆ ಮನೆಯವರು ಕರೆದ ಹಾಗಿತ್ತು.

ಭಾಷೆ, ಊರು, ಕೀಬೋರ್ಡ್, ಎಲ್ಲಕ್ಕೂ ಸಂಖ್ಯೆ ಒತ್ತಿ ಎಂಟರ್ ಕೊಟ್ಟರೆ ಸಾಕು. ಡಿಸ್ಕ್ ಅಳಿಸುವ ಪ್ರಶ್ನೆ ಬಂದಾಗ ಮಾತ್ರ ಬೆರಳು ನಿಂತಿತು. ಅಪ್ಪನ ಫೋಟೊ, ನನ್ನ ರೆಕಾರ್ಡಿಂಗ್ ಎಲ್ಲ ಬೇರೆ ಡ್ರೈವಿನಲ್ಲಿವೆ ಅಂತ ಇನ್ನೊಮ್ಮೆ ನೆನಪಿಸಿಕೊಂಡು ಒತ್ತಿದೆ.

ಮುಗಿದು ಮತ್ತೆ ಆನ್ ಆದಾಗ, ಲಾಗಿನ್ ಪರದೆಯಲ್ಲೇ, ಪರದೆ ಓದಿ ಹೇಳುವ ತಂತ್ರಾಂಶ ಆರ್ಕಾ ಓದಲು ಶುರು ಮಾಡಿತು. ಇನ್‌ಸ್ಟಾಲ್ ಮಾಡುವಾಗ ದನಿ ಬಳಸಿದ್ದರೆ, ಆಮೇಲೂ ಅದು ತಾನೇ ಮಾತಾಡುತ್ತದೆ. ಇದನ್ನು ಯೋಚಿಸಿ ಮಾಡಿದವರಿಗೆ ಕೈ ಮುಗಿಯಬೇಕು ಅನಿಸಿತು.

ನೋಡುವವರಿಗೆ ಕೇಳಿಸದೇ ಹೋಗಬಹುದಾದ ಆ ಒಂದು ಬೀಪ್, ನಮ್ಮಂಥವರಿಗೆ ಬಾಗಿಲು ಅಲ್ವಾ?

ಬೆಳಿಗ್ಗೆ ತಮ್ಮ ಎದ್ದು, "ಯಾರು ಹಾಕಿಕೊಟ್ಟರು?" ಅಂತ ಕೇಳಿದ. "ನಾನೇ" ಅಂದೆ.